ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದಾರೆ

ಈ ಸಲ ವೋಟು ಹಾಕುವುದಿಲ್ಲ ಎಂದು ಅಪ್ಪ ಹೇಳಿದ್ದು ಬುಧವಾರ ಬೆಳಿಗ್ಗೆ, ಮೊಟ್ಟೆ ಹುರಿಯುತ್ತಿದ್ದ ಬಾಣಲೆಯನ್ನು ಒಲೆಯಿಂದ ಇಳಿಸಿಟ್ಟು. ಇಳಿಸಲೇಬೇಕಿತ್ತು. ಅವನ ಮಾತಿಗೆ ಎರಡೂ ಕೈ ಬೇಕು.

"ನಂದು ಮುಗೀತು. ನೀನು ಹೋಗು, ಕಿವಿ ಇರೋರೆಲ್ಲ ಹೋಗಿ. ಅದು ನಿಮ್ಮ ಮನೆ ಜಗಳ" ಅಂದವು ಅವನ ಕೈಗಳು.

ನನ್ನಪ್ಪ ವೆಂಡೆಲ್ ಪ್ರೂಯಿಟ್ ಹುಟ್ಟು ಕಿವುಡ. ವೆಸ್ಟ್ ವರ್ಜೀನಿಯಾದ ಗಣಿಯೂರಿನಿಂದ ಹತ್ತೊಂಬತ್ತರ ವಯಸ್ಸಿಗೆ ಆಕ್ರನ್‌ಗೆ ಬಂದು ಮೂವತ್ತೆಂಟು ವರ್ಷ ಟೈರ್ ಕಾರ್ಖಾನೆಯಲ್ಲಿ ರಬ್ಬರ್ ಅರೆದವನು. ಯಂತ್ರಗಳ ಅಬ್ಬರಕ್ಕೆ ಎಲ್ಲರ ಕಿವಿಯೂ ಹೋಗುತ್ತಿದ್ದ ಆ ಶೆಡ್ಡಿಗೆ, ಮೊದಲೇ ಕಿವಿ ಹೋದವರೆಂದರೆ ಮಾಲೀಕರಿಗೆ ಬಲು ಪ್ರೀತಿ. ಹೋಗುವುದಕ್ಕೆ ಇನ್ನೇನೂ ಉಳಿದಿಲ್ಲವಲ್ಲ! ಶ್ವಾಸಕೋಶ ಉಳಿದಿತ್ತು ಎನ್ನುವುದು ಆಮೇಲೆ ಗೊತ್ತಾಯಿತು. ಇಂಥ ಅಪ್ಪ ಇಪ್ಪತ್ತೊಂದು ತುಂಬಿದಂದಿನಿಂದ ಒಂದೇ ಒಂದು ಅಧ್ಯಕ್ಷ ಚುನಾವಣೆ ತಪ್ಪಿಸಿದವನಲ್ಲ. ಅಮ್ಮನನ್ನು ಮಣ್ಣು ಮಾಡಿದ ನಾಲ್ಕನೇ ದಿನ, ಅದೇ ಕಪ್ಪು ಕೋಟು ಹಾಕಿಕೊಂಡು ವೋಟಿನ ಸಾಲಿನಲ್ಲಿ ನಿಂತಿದ್ದ.

"ಯಾಕಪ್ಪಾ?"

ಅವನು ಎರಡೂ ಹೆಬ್ಬೆರಳು ಜೋಡಿಸಿ ಮೇಜಿನ ಮೇಲೆ ಒತ್ತಿದ. ಮತ್ತೆ ಒತ್ತಿದ. ಮತ್ತೆ.

ಅದು ಯಾವ ಒತ್ತೆಂದು ನನಗೆ ಗೊತ್ತಿತ್ತು.

ನನ್ನ ಕೆಲಸವೇ ಅದು. ಟಿವಿಯಲ್ಲಿ ಆಡಿದ ಮಾತನ್ನು ಆಡಿದ ಕ್ಷಣದಲ್ಲೇ ತೆರೆಯ ಬುಡಕ್ಕೆ ಅಕ್ಷರವಾಗಿ ಇಳಿಸುವುದು. ನನ್ನ ಯಂತ್ರಕ್ಕೆ ಇಪ್ಪತ್ತು ಚಿಲ್ಲರೆ ಕೀಲಿಗಳಷ್ಟೇ. ಹಾರ್ಮೋನಿಯಂ ನುಡಿಸುವಂತೆ ನಾಲ್ಕಾರನ್ನು ಒಟ್ಟಿಗೆ ಒತ್ತಿದರೆ ಒಂದು ಪದ. ಪದೇ ಪದೇ ಬರುವ ಮಾತಿಗೆ ನಾವೇ ಒಂದೊಂದು ಗಂಟು ಕಟ್ಟಿಟ್ಟುಕೊಳ್ಳುತ್ತೇವೆ, ಒಂದೇ ಒತ್ತಿಗೆ ಇಡೀ ವಾಕ್ಯ ಬಿಚ್ಚಿಕೊಳ್ಳುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಕಟ್ಟಿದ ಗಂಟುಗಳು: 'ವೃದ್ಧಾಪ್ಯ ವೇತನ', 'ಅಣ್ವಸ್ತ್ರ ಒಪ್ಪಂದ', 'ನನ್ನ ಎದುರಾಳಿ ಹೇಳಿದ್ದರಲ್ಲಿ ಒಂದಂಶ ಸರಿ'. ಈ ಕೊನೆಯದನ್ನು ಒತ್ತದೆ ಎಷ್ಟು ಕಾಲವಾಯಿತೆಂದರೆ ಯಾವ ಕೀಲಿಗಳೆಂಬುದೇ ಮರೆತಿದೆ. ಈ ವರ್ಷ ಹೊಸದಾಗಿ ಕಟ್ಟಿದ್ದು ಒಂದೇ ಗಂಟು. ಎರಡು ಹೆಬ್ಬೆರಳು ಸೇರಿಸಿ ಒತ್ತಿದರೆ ಕಂಸದೊಳಗೆ ಬರುತ್ತದೆ: (ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದಾರೆ).

ಈ ಗುಟ್ಟನ್ನು ಒಂದು ಭಾನುವಾರ ಊಟದ ಹೊತ್ತಿಗೆ ನಗೆಚಾಟಿಕೆಗೆಂದು ಅಪ್ಪನಿಗೆ ನಾನೇ ಹೇಳಿದ್ದೆ.

ಬಾಣಲೆ ಇಳಿಸಿಟ್ಟ ಬುಧವಾರದ ಹಿಂದಿನ ದಿನ, ಮಂಗಳವಾರ, ಟಿವಿಯಲ್ಲಿ ಇಬ್ಬರು ಅಧ್ಯಕ್ಷ ಅಭ್ಯರ್ಥಿಗಳ ಮೊದಲ ವಾದ. ಅಪ್ಪ ಹೋಗುವ ಕಿವುಡರ ಸಂಘದಲ್ಲಿ ಇಬ್ಬರಿಗೂ ಆಗಲೇ ಸನ್ನೆಯಲ್ಲಿ ಕರೆಯುವ ಕೈಹೆಸರು ಬಿದ್ದಿತ್ತು. ಸೆನೆಟರನಿಗೆ ಕನ್ನಡಕ, ಗವರ್ನರನಿಗೆ ಗದ್ದ. ಕನ್ನಡಕ ಬಾಯಿ ತೆರೆದರೆ ಗದ್ದವೂ, ಗದ್ದ ಬಾಯಿ ತೆರೆದರೆ ಕನ್ನಡಕವೂ. ನನ್ನ ಹೆಬ್ಬೆರಳುಗಳು ಬಾತುಕೊಂಡಿದ್ದವು.

ಅಪ್ಪ ಜೇಬಿನಿಂದ ಒಂದು ಹಳೇ ಲಕೋಟೆ ತೆಗೆದ. ಅದರ ಬೆನ್ನ ಮೇಲೆ ಪೆನ್ಸಿಲ್ ಗೀಟುಗಳು. ಐದೈದರ ಕಟ್ಟು, ಎಂಟು ಕಟ್ಟು, ಮೇಲೆ ಮೂರು.

"ನಲವತ್ತಮೂರು ಸಲ ನನ್ನ ಮಗಳು ನನ್ನ ಮುಖಕ್ಕೆ ಬಾಗಿಲು ಹಾಕಿದ್ಲು" ಅಂದ. "ಟಿವೀಲಿ ಜನರ ನಡುವೆ ಎದ್ದು ಆ ನರ್ಸಮ್ಮ ದೂಳಿನ ಬಗ್ಗೆ ಕೇಳಿದ್ಲಲ್ಲ, ಕಾರ್ಖಾನೆ ದೂಳು ಕುಡಿದು ಎದೆ ಕೆಟ್ಟೋರಿಗೆ ಏನ್ ಮಾಡ್ತೀರಿ ಅಂತ? ಇಡೀ ಹೊತ್ತು ನಾನು ಕಾದಿದ್ದು ಅದೊಂದಕ್ಕೆ. ಆಗ ಏನ್ ಬಂತು? ಕಂಸ! ಉತ್ತರ ಪೂರ್ತಿ ಕಂಸ!"

"ಅಪ್ಪಾ, ಅಲ್ಲಿ ಏನೂ ಇರ್ಲಿಲ್ಲಪ್ಪ."

ಅವನ ಮುಖ ಕಲ್ಲಾಯಿತು. ಯಾಕೆಂದು ನನಗೆ ಹೊಳೆದಾಗ ಮಾತು ಕೈಜಾರಿ ಆಗಿತ್ತು.

ಅಪ್ಪ ಹುಟ್ಟಿ ಬೆಳೆದ ಮನೆಯಲ್ಲಿ ಅವನೊಬ್ಬನೇ ಕಿವುಡ. ಊಟದ ಮೇಜಿನ ಸುತ್ತ ಹನ್ನೊಂದು ಜನ ನಗುತ್ತಿದ್ದರೆ ಅವನು ಅಕ್ಕನ ತೋಳು ಹಿಡಿದು ಏನು, ಏನು ಎಂದು ಕೇಳುತ್ತಿದ್ದ. ಅಕ್ಕ ಕೈ ಕೊಡವಿ ಹೇಳುತ್ತಿದ್ದ ಮಾತು ಒಂದೇ: ಏನಿಲ್ಲ ಬಿಡು. ಈ ನಾಡಿನಲ್ಲಿ ಕಿವುಡರಿಗೆ ಅತಿ ಹೆಚ್ಚು ಸಲ ಹೇಳಿದ ಮಾತು ಇದೇ ಇರಬೇಕು. ತುತ್ತು ಬಡಿಸಿ, ಮಾತು ಬಚ್ಚಿಟ್ಟುಕೊಳ್ಳುವ ಮಾತು. ಎಪ್ಪತ್ತು ವರ್ಷಗಳಾದ ಮೇಲೆ ನಾನೂ ಅದನ್ನೇ ಹೇಳಿದ್ದೆ.

"ನೀನೂ" ಅಂದ ಅಪ್ಪ. ಬಾಣಲೆಯನ್ನು ಮತ್ತೆ ಒಲೆಯ ಮೇಲಿಟ್ಟು ನನಗೆ ಬೆನ್ನು ತಿರುಗಿಸಿದ. ಕೈಮಾತಿನವರು ಬೆನ್ನು ತಿರುಗಿಸಿದರೆ ಬಾಗಿಲು ಧಡಾರನೆ ಮುಚ್ಚಿದ ಹಾಗೆ. ಹಿಂದಿನಿಂದ ಎಷ್ಟು ಕೂಗಿದರೂ ಇಲ್ಲ.

ಹಾಗಾದರೆ ತೋರಿಸಿಯೇ ಬಿಡುತ್ತೇನೆ ಎಂದುಕೊಂಡೆ. ಎರಡು ದಿನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ರೆಕಾರ್ಡಿಂಗನ್ನು ಅರ್ಧ ವೇಗಕ್ಕೆ ಇಳಿಸಿ, ಒಬ್ಬೊಬ್ಬನ ದನಿಯನ್ನೂ ಸಿಕ್ಕು ಬಿಡಿಸುವಂತೆ ಬಿಡಿಸಿದೆ. ಹಾಳೆಯ ಎಡಕ್ಕೆ ಕನ್ನಡಕ, ಬಲಕ್ಕೆ ಗದ್ದ. ಒಂದು ಉಸಿರನ್ನೂ ಬಿಡಲಿಲ್ಲ. ಶುಕ್ರವಾರ ಸಂಜೆ ಆ ಹಾಳೆಗಳನ್ನು ಅಪ್ಪನ ಮುಂದಿಟ್ಟೆ. ದೂಳಿನ ಉತ್ತರ ಮೇಲೆಯೇ ಇತ್ತು.

ಅಪ್ಪ ಕನ್ನಡಕ ಏರಿಸಿಕೊಂಡು ಸಾಲಿನ ಕೆಳಗೆ ಬೆರಳಿಟ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಓದಿದ.

'ನೋಡಿ, ಒಳ್ಳೆ ಪ್ರಶ್ನೆ, ಆದ್ರೆ ಮೊದಲು ಈ ಮನುಷ್ಯ—'

'ಸುಳ್ಳು.'

'ನಾನಿನ್ನೂ ಏನೂ ಹೇಳೇ ಇಲ್ಲ.'

'ಹೇಳೋದು ಸುಳ್ಳೇ ತಾನೇ.'

'ನಿಮ್ಮ ಹಾಗೆ ನಾನು ಗಾಲ್ಫ್ ಆಡ್ಕೊಂಡು—'

'ನಿಮಗೆ ಕೋಲು ಹಿಡಿಯಕ್ಕೂ ಬರಲ್ಲ.'

'ನನಗೆ ಬರಲ್ವಾ? ನನಗೆ? ಬನ್ನಿ ನಾಳೆ—'

'ನಾಚಿಕೆ ಆಗ್ಬೇಕು.'

'ನಿಮಗೆ ಆಗ್ಬೇಕು.'

ಅಪ್ಪ ಹಾಳೆ ತಿರುವಿದ. ಹಿಂಬದಿ ಖಾಲಿ.

"ಆಮೇಲೆ?"

"ಆಮೇಲೆ ಜಾಹೀರಾತು. ಟೂತ್‌ಪೇಸ್ಟಿಂದು."

"ದೂಳು?"

"ಬರಲೇ ಇಲ್ಲ."

"ಪೂರ್ತಿ ಬರೆದಿದೀಯಾ? ಅಮ್ಮನಾಣೆ?"

"ಅಮ್ಮನಾಣೆ."

ಅವನು ಎಲ್ಲ ಹಾಳೆಗಳನ್ನೂ ಓದಿದ. ಕಾಫಿ ಆರಿಹೋಯಿತು. ಕೊನೆಗೆ ತಲೆ ಎತ್ತಿದಾಗ ಅವನ ಮುಖದಲ್ಲಿದ್ದದ್ದು ಸಿಟ್ಟಲ್ಲ, ಅಚ್ಚರಿ. "ಜೀವಮಾನವಿಡೀ ನಾನು ಅಂದ್ಕೊಂಡಿದ್ದೆ, ನಮಗೆ ಸಿಗದೇ ಇರೋದು ಏನೋ ನಿಮ್ಮ ಹತ್ರ ಇದೆ ಅಂತ" ಅಂದ. ಆಮೇಲೆ ನಕ್ಕ. ಅಪ್ಪನ ನಗೆ ಬಹಳ ಜೋರು. ಎಷ್ಟು ಜೋರೆಂದು ಅವನೊಬ್ಬನಿಗೆ ಗೊತ್ತಿಲ್ಲ. ಪಕ್ಕದ ಮನೆಯ ನಾಯಿ ಬೊಗಳತೊಡಗಿತು.

"ಹಾಗಾದ್ರೆ ಬಾಗಿಲು ಹಾಕಿದ್ದು ನೀನಲ್ಲ."

"ನಾನಲ್ಲ. ವೋಟು?"

"ಇನ್ನೂ ಇಲ್ಲ. ಆಗ ಕೋಪಕ್ಕೆ ಬೇಡ ಅಂದಿದ್ದೆ. ಈಗ ಕಾರಣಕ್ಕೆ ಬೇಡ ಅಂತೀನಿ. ಏನು ನೋಡಿ ಹಾಕ್ಲಿ, ಗಾಲ್ಫ್ ನೋಡಿಯಾ?"

ಮಾರನೇ ದಿನ ಹಾಳೆಗಳು ಸಂಘಕ್ಕೆ ಹೋದವು. ಅಪ್ಪನ ಜೊತೆ ಅದೇ ಶೆಡ್ಡಿನಲ್ಲಿ ದುಡಿದ ಎಮಿಲ್ ಸ್ಕೋವ್ರನ್ ಆಮ್ಲಜನಕದ ಸಿಲಿಂಡರನ್ನು ಕಾಲ ಬಳಿ ಕೂರಿಸಿಕೊಂಡು, ನಮ್ಮೂರಿನ ತಿಂಡಿಯಾದ, ಹುಳಿ ಬರಿಸಿದ ಎಲೆಕೋಸಿನ ಕರಿದ ಉಂಡೆ ಬಾಯಿಗೆಸೆದುಕೊಂಡು ಓದಿದ. ಮುಗಿಸಿ, ಕೈ ಒರೆಸಿಕೊಂಡು, ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕಾ ಇವರಿಗೆ ದೇವರು ಕಿವಿ ಕೊಟ್ಟಿದ್ದು?"

ಎರಡು ವಾರಗಳಲ್ಲಿ ಸಂಘ ಎರಡೂ ಪಕ್ಷಗಳ ಜಿಲ್ಲಾ ಕಚೇರಿಯವರನ್ನು ಕರೆಸಿತು. ಕಿವುಡರ ಮೇಲಿನ ಮಮಕಾರಕ್ಕೆ ಬಂದರೆಂದುಕೊಳ್ಳಬೇಡಿ. ಅವರು ಫೋಟೋ ತೆಗೆಸಿಕೊಂಡಾರೆಂದು ಇವರು, ಇವರು ತೆಗೆಸಿಕೊಂಡಾರೆಂದು ಅವರು. ಗವರ್ನರನ ಪರವಾಗಿ ಟ್ರೆಂಟ್ ವೆಕ್ಸ್ಲರ್ ಎಂಬ ನುಣುಪು ಕೂದಲಿನ ವಕೀಲ. ಸೆನೆಟರನ ಪರವಾಗಿ ಕೊರಿನ್ ಡ್ಯಾಲಿ, ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಕೈಯಲ್ಲಿ ಪಕ್ಷ ಕಳಿಸಿದ ಮಾತಿನ ಪಟ್ಟಿ. ಇಬ್ಬರಿಗೂ ಒಬ್ಬೊಬ್ಬ ಕೈಮಾತಿನ ದುಭಾಷಿ ಕೊಡುತ್ತೇವೆಂದು ಕಚೇರಿಯವರು ಹೇಳಿದಾಗ ಅಪ್ಪ ಖಂಡಿತ ಬೇಡವೆಂದಿದ್ದ.

"ಎರಡು ಜೊತೆ ಕೈ ಕೊಟ್ರೆ ಇಬ್ರೂ ಒಟ್ಟಿಗೆ ಶುರು ಮಾಡ್ತಾರೆ. ನಮ್ಮ ಸಂಘದ ದುಭಾಷಿ ಯೋಲಾಂಡಾ ಒಬ್ಬಳೇ ಸಾಕು. ನಲವತ್ತು ನಿಮಿಷ, ಒಂದೇ ಜೊತೆ ಕೈ."

ಶನಿವಾರ ಮಧ್ಯಾಹ್ನ ಸಂಘದ ಕೋಣೆಯಲ್ಲಿ ಎಪ್ಪತ್ತು ಜನ. ಎಮಿಲ್ ದೀಪದ ಸ್ವಿಚ್ಚಿನ ಪಕ್ಕ ಕುರ್ಚಿ ಹಾಕಿಕೊಂಡ. ಕಿವುಡರ ಸಭೆಯಲ್ಲಿ ಗಂಟೆ ಬಾರಿಸುವುದಿಲ್ಲ, ದೀಪ ಮಿಣುಕಿಸುತ್ತಾರೆ.

ಟ್ರೆಂಟ್ ಶುರು ಮಾಡಿದ. ಮೂರನೇ ವಾಕ್ಯಕ್ಕೆ ಕೊರಿನ್ ನಡುವೆ ಬಂದಳು, ಅವನು ದನಿ ಏರಿಸಿದ, ಅವಳೂ ಏರಿಸಿದಳು. ಯೋಲಾಂಡಾ ಎರಡೂ ಕೈಗಳನ್ನು ಮಡಿಲಿಗಿಳಿಸಿ ಸುಮ್ಮನೆ ಕೂತಳು. ಕೋಣೆಗೆ ಏನೂ ಇಲ್ಲ. ಎಪ್ಪತ್ತು ಜೋಡಿ ಕಣ್ಣು ಒಂದು ಜೊತೆ ಸುಮ್ಮನಾದ ಕೈಗಳನ್ನು ನೋಡುತ್ತಿದ್ದವು. ದೀಪ ಮಿಣುಕಿತು.

"ಯಾಕ್ ಮೇಡಂ, ನಿಲ್ಲಿಸಿಬಿಟ್ರಿ?" ಟ್ರೆಂಟ್ ಕೇಳಿದ.

"ಯಾರ್ದು ಹೇಳ್ಲಿ ಸಾರ್? ಇರೋದು ಎರಡೇ ಕೈ."

"ಇಬ್ಬರದ್ದೂ ಹೇಳಿ."

"ನೀವೇ ಬಂದು ಹೇಳಿ ನೋಡೋಣ."

ಮತ್ತೆ ಶುರು, ಮತ್ತೆ ಡಿಕ್ಕಿ, ಮತ್ತೆ ಮಡಿಲಿಗಿಳಿದ ಕೈ, ಮತ್ತೆ ದೀಪ. ಮೂರನೇ ಸಲ ಎಮಿಲ್ ಎಷ್ಟು ಹೊತ್ತು ಮಿಣುಕಿಸಿದನೆಂದರೆ ಟ್ರೆಂಟ್ ಕಣ್ಣು ಮುಚ್ಚಿಕೊಂಡ. ಟಿವಿಯ ನಿರೂಪಕರು ಕೋಟಿ ಜನರೆದುರು ಮಾಡಲಾಗದ್ದನ್ನು ಒಂದು ಸ್ವಿಚ್ಚು ಮಾಡುತ್ತಿತ್ತು. ಬಾಯಿಗೆ ಬೀಗ ಹಾಕಲು ಕಾನೂನು ಬೇಕಿಲ್ಲ. ಕಿರುಚುವವನು ಕಿರುಚುವಷ್ಟು ಹೊತ್ತೂ ಯಾರಿಗೂ ತಲುಪುವುದಿಲ್ಲ ಎಂಬುದು ಅವನ ಕಣ್ಣಿಗೇ ಕಾಣಿಸಿದರೆ ಸಾಕು.

ಆಗ ಅಪ್ಪ ಎದ್ದ. ಅವನ ಕೈಗೆ ಯೋಲಾಂಡಾ ದನಿಯಾದಳು.

"ನಾನು ವೆಂಡೆಲ್. ಮೂವತ್ತೆಂಟು ವರ್ಷ ಮಸಿ, ದೂಳು. ಆ ಮೂಲೇಲಿ ಕೂತವ್ನಲ್ಲ, ಅವ್ನ ಉಸಿರು ಸಿಲಿಂಡರಲ್ಲಿದೆ. ಈಗ ಅದೇ ಶೆಡ್ಡಲ್ಲಿ ಹೊಸ ಜನ ದುಡೀತಿದಾರೆ. ಅವರ ಗಾಳಿ ಪರೀಕ್ಷೆ ಮಾಡೋರು ಯಾರು? ನಿಮ್ಮ ಅಭ್ಯರ್ಥಿ ಗೆದ್ರೆ ಏನ್ ಬದಲಾಗುತ್ತೆ?"

ಕೊರಿನ್ ಪಟ್ಟಿ ನೋಡಿಕೊಂಡಳು. "ನಮ್ಮ ಸೆನೆಟರ್ ಯಾವತ್ತಿಗೂ ದುಡಿಯೋ ಕುಟುಂಬಗಳ ಜೊತೆ—"

ಅಪ್ಪ ಅಂಗೈ ಎತ್ತಿದ. "ಅದು ಟಿವೀಲಿ ಓದಿದೀನಿ ತಾಯಿ. ದೂಳು."

ಕೋಣೆ ನಕ್ಕಿತು. ಕೊರಿನ್ ಪಟ್ಟಿಯ ಹಾಳೆ ತಿರುವಿದಳು, ಇನ್ನೊಂದು ತಿರುವಿದಳು. ಟ್ರೆಂಟ್ ಬಾಯಿ ತೆರೆದ, ಸ್ವಿಚ್ಚಿನ ಮೇಲಿದ್ದ ಎಮಿಲ್‌ನ ಬೆರಳು ನೋಡಿದ, ಮುಚ್ಚಿದ. ಅವಳಿಗೆ ಓಡಿಹೋಗಲು ಅಡ್ಡಮಾತಿನ ಬಾಗಿಲೂ ಇಲ್ಲದಾಯಿತು. ಕೊನೆಗೆ ಹಾಳೆಗಳನ್ನು ಮೇಜಿನ ಮೇಲಿಟ್ಟಳು.

"ನನಗೆ ಗೊತ್ತಿಲ್ಲ" ಅಂದಳು.

ಯೋಲಾಂಡಾಳ ಬೆರಳುಗಳು ಹಣೆ ಮುಟ್ಟಿ ಹೊರಕ್ಕೆ ತಿರುಗಿದವು. ಗೊತ್ತಿಲ್ಲ.  ಆಮೇಲೆ ಎಪ್ಪತ್ತು ಜನರ ಕೈಗಳು ತಲೆಯ ಮೇಲೆ ಎದ್ದು ಗಾಳಿಗೆ ಸಿಕ್ಕ ಎಲೆಗಳಂತೆ ಆಡತೊಡಗಿದವು.

ಕೊರಿನ್ ಹೆದರಿ ಯೋಲಾಂಡಾಳತ್ತ ಬಗ್ಗಿದಳು. "ಇವರಿಗೆ ಸಿಟ್ಟು ಬಂತಾ?"

"ಚಪ್ಪಾಳೆ ಕಣಮ್ಮ ಅದು."

ಅವಳ ಕಣ್ಣು ತುಂಬಿತು. ಇಡೀ ಪ್ರಚಾರದಲ್ಲಿ ಅವಳಿಗೆ ಬಿದ್ದ ಮೊದಲ ಚಪ್ಪಾಳೆಯೋ ಏನೋ. "ನನಗೆ ಗೊತ್ತಿರೋದಿಷ್ಟು" ಅಂದಳು. "ಗಾಳಿ ತಪಾಸಣೆ ಮಾಡೋರ ಸಂಖ್ಯೆ ಕಡಿಮೆ ಮಾಡೋಕೆ ನಮ್ಮ ಸೆನೆಟರೂ ವೋಟು ಹಾಕಿದ್ರು. ಅದು ತಪ್ಪು ಅಂತ ನನಗನ್ಸುತ್ತೆ. ನಾನದನ್ನ ಅವರಿಗೆ ಬರೆದು ಕೇಳ್ತೀನಿ, ಉತ್ತರ ಬಂದ್ರೆ ಇಲ್ಲಿಗೇ ತಂದು ಕೊಡ್ತೀನಿ."

ಇಂಥ ತುತ್ತು ಸಿಕ್ಕರೆ ಟಿವಿಯಲ್ಲಾದರೆ ಹರಿದು ತಿನ್ನುತ್ತಿದ್ದರು. ಟ್ರೆಂಟ್‌ಗೂ ಆಸೆಯಿತ್ತು, ಮುಖ ಹೇಳುತ್ತಿತ್ತು. ಆದರೆ ಅವನ ಸರದಿ ಬರುವವರೆಗೆ ಕಾಯಬೇಕಾಯಿತು. ಕಾಯುವಾಗ ಮನುಷ್ಯ ಅಕಸ್ಮಾತ್ತಾಗಿ ಯೋಚಿಸಿಬಿಡುತ್ತಾನೆ. "ನಮ್ಮ ಗವರ್ನರ್ ರಾಜ್ಯದಲ್ಲಿ ಅದನ್ನೇ ಮಾಡಿದ್ದು" ಅಂದ, ಕುತ್ತಿಗೆ ಕೆರೆದುಕೊಂಡು. "ಆದ್ರೆ ಈ ತಪಾಸಣೆ ವಾಷಿಂಗ್ಟನ್ ಕೈಲಿರಬಾರದು, ರಾಜ್ಯದ ಕೈಲಿರ್ಬೇಕು. ಅದಕ್ಕೆ ನನ್ನ ಹತ್ರ ಕಾರಣ ಇದೆ."

"ರಾಜ್ಯದ ಕೈಲಿದ್ರೆ ಮಾಲೀಕರ ಜೇಬಲ್ಲಿದ್ದ ಹಾಗೆ" ಅಂದಳು ಕೊರಿನ್, ಅವನು ಮುಗಿಸಿದ ಮೇಲೆ.

ಆಮೇಲೆ ನಡೆದದ್ದು ಜಗಳವೇ. ಕಾರಣಕ್ಕೆ ಕಾರಣ ಕೊಟ್ಟ, ಬೆವರು ಕಿತ್ತುಬಂದ ಜಗಳ. ಅಪ್ಪ ಕುರ್ಚಿಯ ತುದಿಗೆ ಬಂದು ಕೂತಿದ್ದ. ಗೋಡೆಯ ಪಕ್ಕ ನಿಂತಿದ್ದ ನನ್ನ ಬೆರಳುಗಳು ತಾವಾಗಿಯೇ ತೊಡೆಯ ಮೇಲೆ ಒಂದು ಗಂಟು ಹುಡುಕುತ್ತಿದ್ದವು: ನನ್ನ ಎದುರಾಳಿ ಹೇಳಿದ್ದರಲ್ಲಿ ಒಂದಂಶ ಸರಿ. ನೆನಪಾಯಿತು. ಎಡಗೈಯ ಎರಡು, ಬಲಗೈಯ ಮೂರು.

ಮನೆಗೆ ಬಂದ ಮೇಲೆ ಅಪ್ಪ ಮೆಟ್ಟಿಲ ಬಳಿ ತಿರುಗಿ ಕೇಳಿದ: "ವೋಟಿನ ದಿನ ನಿನಗೆ ಕೆಲಸ ಎಷ್ಟೊತ್ತಿಗೆ?"

"ಮಧ್ಯಾಹ್ನದ ಮೇಲೆ."

"ಬೆಳಿಗ್ಗೆ ಕಾರು ತಗೊಂಡ್ ಬಾ. ಎಮಿಲ್‌ನೂ ಹತ್ತಿಸ್ಕೋಬೇಕು."

ಕನ್ನಡಕ ಮತ್ತು ಗದ್ದ ಬದಲಾದರೆಂದು ನಾನು ಹೇಳುತ್ತಿಲ್ಲ. ಎರಡನೇ ವಾದದಲ್ಲಿ ನನ್ನ ಹೆಬ್ಬೆರಳುಗಳು ಮತ್ತೆ ಬಾತವು. ಆದರೆ ನಮ್ಮ ಊರಿನ ಗ್ರಂಥಾಲಯದವರು ಸಂಘಕ್ಕೆ ಕಾಗದ ಬರೆದು ಕೇಳಿದರು: ಆ ಒಂದು ಜೊತೆ ಕೈಯ ಸಭೆ ನಮ್ಮಲ್ಲೂ ಮಾಡಬಹುದಾ? ನಮ್ಮಲ್ಲಿ ಎಲ್ಲರಿಗೂ ಕಿವಿ ಕೇಳಿಸುತ್ತದೆ, ಪರವಾಗಿಲ್ಲವಾ? ಪರವಾಗಿಲ್ಲ, ಅಭ್ಯಾಸ ಆಗುತ್ತೆ, ಎಂದು ಎಮಿಲ್ ಉತ್ತರ ಬರೆದ.

ವೋಟಿನ ಮಂಗಳವಾರ ಬೆಳಿಗ್ಗೆ ಅಪ್ಪ ಕಪ್ಪು ಕೋಟು ಹಾಕಿಕೊಂಡೇ ಬಂದ. ಹಿಂದಿನ ಸೀಟಿನಲ್ಲಿ ಅವನು, ಎಮಿಲ್, ನಡುವೆ ಸಿಲಿಂಡರು. ಎಮಿಲ್ ಗದ್ದದ ಕಡೆ. ತಪಾಸಣೆ ರಾಜ್ಯದ ಕೈಲೇ ಇರಲಿ ಎನ್ನುವವನು. ಅಪ್ಪ ಯಾರ ಕಡೆಯೆಂದು ನನಗೂ ಹೇಳಿರಲಿಲ್ಲ, ಆದರೆ ಎಮಿಲ್‌ನ ಕಡೆಯಲ್ಲ ಎನ್ನುವುದು ಖಾತ್ರಿ. ಮತಗಟ್ಟೆಯಿದ್ದ ಚರ್ಚಿನ ಅಂಗಳದಲ್ಲಿ ಕಾರು ನಿಲ್ಲಿಸಿ ಕನ್ನಡಿಯಲ್ಲಿ ನೋಡಿದೆ. ನಾಲ್ಕು ಕೈಗಳು ಗಾಳಿಯಲ್ಲಿದ್ದವು. ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು. ಒಬ್ಬನ ಕಣ್ಣು ಇನ್ನೊಬ್ಬನ ಕೈಯಿಂದ ಕದಲಿರಲಿಲ್ಲ.

ವೋಟಿನ ಸಾಲು ಬಾಗಿಲು ದಾಟಿ ರಸ್ತೆಗೆ ಬಂದಿತ್ತು. ಇಳಿಯಿರಿ ಎಂದು ಕಾರಿನೊಳಗಿನ ದೀಪವನ್ನು ಎರಡು ಸಲ ಮಿಣುಕಿಸಿದೆ.

ಅಪ್ಪ ನನ್ನ ಕಡೆ ತಿರುಗದೆ, ತನ್ನ ಒಂದು ಕೈಯನ್ನು ಮಾತ್ರ ಎತ್ತಿ ಹೇಳಿದ.

"ತಡಿ. ಅವನು ಮುಗಿಸ್ಲಿ."