ಮೇಲಂತಸ್ತಿನ ಹಾಲು

"ಎದೆ ಸೋಡಾ ನೀರಲ್ಲಿ ತೊಳ್ಕೊಂಡು ಬಾ ಅಂದ್ರೆ ಕಿವಿಗೆ ಬೀಳಲ್ವೇನೇ ಮುಂಡೇದೆ? ನಿನ್ನ ಗಬ್ಬುನಾತಾನ ತಂದು ನನ್ನ ಮೊಮ್ಮಗನ ಬಾಯಿಗಿಡ್ತೀಯಾ?"

"ತೊಳ್ದೇ ಬಂದೆ ದೊಡ್ಡಮ್ಮನೋರೇ."

"ಇನ್ನೊಂದ್ಸಲ ತೊಳಿ. ನನ್ನೆದುರಿಗೇ ತೊಳಿ."

ತೊಳೆದಳು. ಬಿರುಕು ಬಿಟ್ಟ ಮೊಲೆತೊಟ್ಟಿಗೆ ಬಟ್ಟೆ ಒಗೆಯುವ ಸೋಡಾ ತಗುಲಿದರೆ ಏನಾಗುತ್ತದೆಂದು ಹಡೆದವರಿಗೆ ಹೇಳಬೇಕಾಗಿಲ್ಲ. ಕಣ್ಣಲ್ಲಿ ನೀರು ಬಂತು. ದೊಡ್ಡಮ್ಮ ಅದನ್ನೂ ನೋಡಿ, "ಶುರುವಾಯ್ತು ನಾಟಕ" ಎಂದರು.

ಬೇನೆ ಬಂದು ಊರಿಗೆ ಊರೇ ಮುಳುಗಿಹೋಗಿತ್ತು, ಆದರೆ ಮೇಲಂತಸ್ತು ಮಾತ್ರ ಮೇಲಂತಸ್ತಾಗಿಯೇ ಉಳಿದಿತ್ತು. ಇದು ಧಣಿಯ ಕಾರ್ಖಾನೆ. ಸುತ್ತಲೂ ಎತ್ತರದ ಗೋಡೆ. ಗೋಡೆಯಾಚೆ ಕಚ್ಚಿಸಿಕೊಂಡವರು ಅಲೆಯುತ್ತಿದ್ದರು. ಕಚ್ಚಿಸಿಕೊಂಡವರ ಮೈ ಮೊದಲು ತಣ್ಣಗಾಗುತ್ತದೆ, ಆಮೇಲೆ ಬುದ್ಧಿ ಹೋಗುತ್ತದೆ, ಕೊನೆಗೆ ಹಸಿವೊಂದೇ ಉಳಿಯುತ್ತದೆ. ಮೇಲೆ ಧಣಿ, ಧಣಿಯ ತಾಯಿ ದೊಡ್ಡಮ್ಮ, ತಾಯಿಯಿಲ್ಲದ ಮೊಮ್ಮಗ. ಕೆಳಗೆ ಗೋಡೆ ಕಾಯುವ ಗಂಡಸರ ರಕ್ತದ ಬಟ್ಟೆಗಳನ್ನು ಹಂಡೆಯಲ್ಲಿ ಕುದಿಸುವ ಹೆಂಗಸರು. ದನ ಎಮ್ಮೆ ಹೆಸರಿಗೂ ಉಳಿದಿರಲಿಲ್ಲ. ಹಾಗಾಗಿ ಕೆಳಗೆ ಯಾವಳು ಹಡೆದರೂ ಅವಳ ಹಾಲು ಮೊದಲು ಮೇಲಕ್ಕೆ. ಅಲ್ಲಿ ಕುಡಿದು ಉಳಿದರೆ ಅವಳ ಮಗುವಿಗೆ.

ಮೊನ್ನೆಯವರೆಗೆ ಹಾಲು ಕೊಡುತ್ತಿದ್ದವಳು ಇವಳು ಅಕ್ಕ ಎಂದು ಕರೆಯುವ ಓರಗಿತ್ತಿ. ಮೊನ್ನೆ ಗೇಟು ಕಾಯುವ ಬೀಗದವನು ಎಲ್ಲರ ಕತ್ತು ಮುಟ್ಟಿ ನೋಡುತ್ತಾ ಬಂದವನು ಅವಳ ಹತ್ತಿರ ನಿಂತ. "ಇವ್ಳು ತಣ್ಣಗವ್ಳೆ" ಎಂದವನೇ ಗೇಟಿನಾಚೆ ತಳ್ಳಿಬಿಟ್ಟ. ಅವಳು ಗೇಟು ಬಡಿದಳು, ಇವಳನ್ನು ಕೂಗಿ ಕರೆದಳು. ಆಮೇಲೆ ಕೂಗಲಿಲ್ಲ. ಅವಳ ಕೂಸು ಹಸಿದು ಹಿಂದೆಯೇ ಹೋಯಿತು.

"ಅವ್ಳು ಗೋಡೆ ಆಚೆ ಕಾಲಿಟ್ಟೋಳೇ ಅಲ್ಲ ಕಣೆ" ಎಂದು ಅತ್ತೆ ಹಂಡೆ ಕದಡುತ್ತಾ ಅಂದಿನಿಂದ ಒಂದೇ ಸಮ ಗೊಣಗುತ್ತಿದ್ದಳು. "ಅವ್ಳಿಗೆ ಬೇನೆ ಎಲ್ಲಿಂದ ಬಂತು? ಗಾಳೀಲಿ ಹಾರ್ಕೊಂಡು ಬಂತಾ?"

ಇವತ್ತು ಬೆಳಿಗ್ಗೆ ಬೀಗದವನು ಬಂದು ಇವಳಿಗೆ, "ನಾಳೆಯಿಂದ ಅಲ್ಲ, ಇವತ್ತಿಂದ್ಲೇ ನೀನು. ಎದೆ ತುಂಬಿರ್ಬೇಕು, ನಿನ್ನ ಕೂಸಿಗೆ ಕೊಟ್ಟು ಖಾಲಿ ಮಾಡ್ಕೊಂಡು ಬರ್ಬೇಡ. ಬರಲ್ಲ ಅಂದ್ರೆ ಗೇಟು ತೆಗೀತೀನಿ" ಎಂದು ಹೇಳಿ ಹೋದ. ಇವಳ ಹೆಣ್ಣುಕೂಸು ಬೆಳಗಿನಿಂದ ಅತ್ತೆಯ ಮಡಿಲಲ್ಲಿ ಹಿಟ್ಟು ಕದಡಿದ ನೀರಿನ ಬಟ್ಟೆ ಚೀಪುತ್ತಿತ್ತು. ಮಗು ಅತ್ತರೆ ಒಳ್ಳೆಯದು, ಜೀವವಿದೆ ಎಂದಾದರೂ ಗೊತ್ತಾಗುತ್ತದೆ. ಅದು ಅಳುವುದನ್ನೂ ಬಿಟ್ಟಿತ್ತು.

"ಕೂತ್ಕೋ. ಆ ಗೋಣಿ ಮೇಲೆ. ಮುಖ ಗೋಡೆ ಕಡೆ ಇರ್ಲಿ, ನಿನ್ನ ಉಸಿರು ಮಗೂಗೆ ತಾಗ್ಬಾರ್ದು" ಎಂದರು ದೊಡ್ಡಮ್ಮ, ಅವಳು ತೊಳೆದು ಮುಗಿಸಿದ ಮೇಲೆ.

ಕತ್ತು ಹೊರಳಿಸಿ ಗೋಡೆ ನೋಡುತ್ತಾ ಕೂತಳು. ಮಡಿಲಿಗೆ ಮಗು ಬಂತು. ಕೈಕಾಲು ಅಲುಗದ ಹಾಗೆ ಬಟ್ಟೆಯಲ್ಲಿ ಬಿಗಿದು ಸುತ್ತಿದ್ದರು. ಹಾಲು ತುಂಬಿ ಎದೆ ಕಲ್ಲಾಗಿತ್ತು, ಯಾರಾದರೂ ಕುಡಿದರೆ ಸಾಕೆನಿಸುವಷ್ಟು ನೋವು. ಎದೆಯ ಹತ್ತಿರ ಆ ಪುಟ್ಟ ಬಾಯಿ ತೆರೆದುಕೊಂಡಿತು.

ಬಾಯಿ ತಣ್ಣಗಿತ್ತು.

ಅವಳು ಗೋಡೆ ಬಿಟ್ಟು ಮಗುವನ್ನು ನೋಡಿದಳು. ಕಣ್ಣು ಮಿಟುಕಿಸದೆ ಅದು ಅವಳ ಕತ್ತನ್ನೇ ನೋಡುತ್ತಿತ್ತು. ತುಟಿಗೆ ತೊಟ್ಟಿಕ್ಕಿದ ಹಾಲು ಕೆನ್ನೆಯ ಮೇಲೆ ಇಳಿದುಹೋಯಿತು, ಒಂದು ಹನಿಯನ್ನೂ ಅದು ನುಂಗಲಿಲ್ಲ. ಹಲ್ಲು ಕಟಕಟ ಕಡಿಯಿತು. ಎರಡೂ ಕೈಯಲ್ಲಿ ಹಿಡಿದು ದೂರ ಚಾಚಿದಳು.

"ದೊಡ್ಡಮ್ಮನೋರೇ, ಮಗು ತಣ್ಣಗಿದೆ!"

ಅವಳ ಕೆನ್ನೆಗೆ ಫಟೀರನೆ ಬಿತ್ತು. "ಹಾಳು ಬಾಯಿ! ನೆಗಡಿ ಆಗಿದೆ ಅದಕ್ಕೆ. ಅವರಪ್ಪ ಹೊರಗಿಂದ ಬಂದು ರಕ್ತದ ಕೈ ತೊಳೀದೆ ಮುದ್ದು ಮಾಡ್ದಾಗಿಂದ ಸ್ವಲ್ಪ ಮಂಕಾಗಿದೆ ಅಷ್ಟೆ. ಹಾಲು ಒಳಗೆ ಹೋದ್ರೆ ಸರಿಹೋಗುತ್ತೆ. ಕುಡ್ಸು."

"ನಮ್ಮಕ್ಕ... ನಮ್ಮಕ್ಕಂಗೂ ಇದೇ ಕಚ್ತಾ?"

ದೊಡ್ಡಮ್ಮ ಸೆರಗು ಸರಿಮಾಡಿಕೊಂಡರು. "ಅವ್ಳಿಗೂ ಹೇಳಿದ್ದೆ, ಹಲ್ಲು ಬಂದಿದೆ, ನೋಡ್ಕೊಂಡು ಕುಡ್ಸು ಅಂತ. ಅವ್ಳೇ ಮೈಮರೆತ್ಲು."

"ನಂಗೂ ಕಚ್ಚಿದ್ರೆ ನನ್ನ ಕೂಸಿಗೆ ಯಾರು ದಿಕ್ಕು?"

"ಹೆಣ್ಣುಮಗು ತಾನೆ" ಎಂದರು ದೊಡ್ಡಮ್ಮ. ಕೋಪದಿಂದಲೂ ಅಲ್ಲ, ಸಮಾಧಾನ ಹೇಳುವವರ ಹಾಗೆ.

ಅವಳು ಎದ್ದಳು. ಮಗುವನ್ನು ಮಂಚದ ಮೇಲೆ ಮೆಲ್ಲಗೆ ಮಲಗಿಸಿದಳು. ಎಷ್ಟಾದರೂ ಮಗುವೇ, ಎಸೆಯಲು ಕೈ ಬರಲಿಲ್ಲ. ರವಿಕೆ ಎಳೆದುಕೊಂಡು ಹೊರಗೆ ಬಂದು ಬಾಗಿಲು ಮುಚ್ಚಿದಳು. ಅದು ಹಿಂದೆ ಸಾಮಾನಿನ ಕೋಣೆ, ಚಿಲಕ ಹೊರಗಡೆಯೇ ಇತ್ತು. ಹಾಕಿದಳು. ಮೆಟ್ಟಿಲ ತುದಿಗೆ ಬಂದು ಹೊಟ್ಟೆಯಿಂದ ಕೂಗಿದಳು.

"ಅತ್ತೇ! ಮಗೂನ ತಗೊಂಡ್ ಬಾ ಮೇಲಕ್ಕೆ! ಅಕ್ಕಂಗೆ ಬೇನೆ ಎಲ್ಲಿಂದ ಬಂತು ಅಂತ ಗೊತ್ತಾಯ್ತು! ಧಣಿ ಮಗೂನೇ ತಣ್ಣಗಿದೆ, ಅದೇ ಕಚ್ಚಿದ್ದು!"

ಮೆಟ್ಟಿಲು ಹತ್ತುವ ಅಪ್ಪಣೆ ಕೆಳಗಿನವರಿಗಿರಲಿಲ್ಲ. ಅತ್ತೆ ಹತ್ತಿದಳು. ಹಂಡೆಯ ಹೆಂಗಸರು ಬಟ್ಟೆ ಕದಡುವ ಕೋಲುಗಳನ್ನು ಹಿಡಿದೇ ಅವಳ ಬೆನ್ನಿಗೆ ಬಂದರು, ಮೆಟ್ಟಿಲ ಮೇಲೆ ಬಿಸಿನೀರು ತೊಟ್ಟಿಕ್ಕಿಸುತ್ತಾ. ಇವಳು ಆ ಬಾಗಿಲಿಗೇ ಬೆನ್ನು ಕೊಟ್ಟು ಕೂತು, ಅತ್ತೆಯ ಕೈಯಿಂದ ಮಗಳನ್ನು ತೆಗೆದುಕೊಂಡು ಎದೆಗೆ ಹಚ್ಚಿದಳು. ಕೂಸಿಗೆ ಮೊದಲು ಚೀಪುವುದೇ ಮರೆತುಹೋದಂತಿತ್ತು. ಬೆರಳಲ್ಲಿ ಗಲ್ಲ ಸವರಿದಳು. ಬೆಚ್ಚನೆಯ ಬಾಯಿ. ಗುಟುಕ್ ಎಂದು ಒಂದು ಸದ್ದು ಬಂತು, ಅದರ ಹಿಂದೆ ಇನ್ನೊಂದು. ಅವಳಿಗೆ ಅಳು ತಡೆಯಲಾಗಲಿಲ್ಲ.

ಒಳಗಿನಿಂದ ದೊಡ್ಡಮ್ಮ ಬಾಗಿಲು ಗುದ್ದಿದರು, ಬೈದರು. ಆಮೇಲೆ ದನಿ ಮೆತ್ತಗಾಯಿತು. "ಯಾಕೋ ಕಂದಾ ಒದ್ದಾಡ್ತೀಯಾ? ಸೆಕೇನಾ? ಇರು, ಬಟ್ಟೆ ಬಿಚ್ತೀನಿ."

"ಬಿಚ್ಬೇಡಿ ದೊಡ್ಡಮ್ಮನೋರೇ! ಎತ್ಕೋಬೇಡಿ ಅದನ್ನ!" ಇವಳು ಬಾಗಿಲು ಬಡಿದಳು.

"ಬಾಯ್ಮುಚ್ಚೇ ಮುಂಡೇದೆ. ನನ್ನ ಮೊಮ್ಮಗ ಇದು."

ಮರುಕ್ಷಣವೇ ಒಳಗೆ ದೊಡ್ಡಮ್ಮ ಚೀರಿಕೊಂಡರು. ಆ ಚೀರಾಟ ಕೇಳಿ ಬೀಗದವನು ಕಬ್ಬಿಣದ ರಾಡು ಹಿಡಿದು ಓಡಿಬಂದ. "ತೆಗಿಯೇ ಬಾಗ್ಲು! ಧಣಿ ಬಂದ್ರೆ ಚರ್ಮ ಸುಲೀತಾರೆ!"

ಅತ್ತೆ ಅಡ್ಡ ನಿಂತಳು. "ತೆಗೀತೀಯೇನೋ ಬೋಳಿಮಗನೆ? ತೆಗ್ದು ಒಳಗಿರೋರ ಕತ್ತು ಮುಟ್ಟಿ ನೋಡು. ಅವ್ರೂ ತಣ್ಣಗಿದ್ರೆ ಗೇಟಿನಾಚೆ ತಳ್ತೀಯಾ? ನನ್ನ ಸೊಸೇನ ತಳ್ದ ಹಾಗೆ ತಳ್ತೀಯಾ? ಹೇಳು."

ಅವನು ಅವಳನ್ನು ನೋಡಿದ, ಅವಳ ಹಿಂದಿನ ಕೋಲುಗಳನ್ನು ನೋಡಿದ. ಬಾಗಿಲೊಳಗೆ ಚೀರಾಟ ನಿಂತಿತ್ತು. ಏನೋ ನೆಲದ ಮೇಲೆ ತೆವಳುವ ಸದ್ದು, ಬಾಗಿಲ ಬುಡದಲ್ಲಿ ಪರಪರ ಕೆರೆತ.

"ಪಕ್ಕಕ್ಕೆ ಬಾರೇ" ಎಂದ, ರಾಡನ್ನು ಬಾಗಿಲ ಕಡೆಗೆ ತಿರುಗಿಸಿ ಹಿಡಿದು.

ಅವಳು ಬಾಗಿಲಿಗೆ ಕೊಟ್ಟ ಬೆನ್ನು ತೆಗೆಯದೆ ಮಗಳನ್ನು ಎತ್ತಿ ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು.

"ಈ ಕಡೇದು ಇನ್ನೂ ಬಾಕಿ ಇದೆ. ಕುಡ್ದು ಮುಗೀಲಿ" ಎಂದಳು.