ಇಲಿಗೆ ಹಿಡಿಸಿದ ಸೊಪ್ಪು

"ರೀ, ಇದು ಯಾವಾಗ ಚುಚ್ಕೊಂಡಿದ್ದು?"

ಟೈಲರ್ ಬಗ್ಗಿ ನೋಡಿದ. ಹೆಂಡತಿ ಅವನ ಎಡಗಾಲಿನ ಕಾಲುಚೀಲ ಕಳಚಿ, ಹೆಬ್ಬೆರಳ ಬುಡದಿಂದ ಮುರಿದ ಸೂಜಿಯ ತುದಿಯೊಂದನ್ನು ಚಿಮಟದಲ್ಲಿ ಎಳೆದು ಹಿಡಿದಿದ್ದಳು. ಸುತ್ತಲಿನ ಚರ್ಮ ಕಪ್ಪಗಾಗಿತ್ತು. ವಾಸನೆಯೂ ಬರುತ್ತಿತ್ತು.

"ಗೊತ್ತೇ ಆಗ್ಲಿಲ್ವಲ್ಲೇ," ಎಂದ, ಬೇರೆ ಯಾರದೋ ಕಾಲು ನೋಡುವವನ ಹಾಗೆ.

ಸಕ್ಕರೆ ಕಾಯಿಲೆ ಅವನಿಗೆ ಬಂದು ಹನ್ನೊಂದು ವರ್ಷವಾಗಿತ್ತು; ಪಾದಗಳಿಗೆ ನೋವು ತಿಳಿಯುವುದೇ ನಿಂತುಹೋಗಿತ್ತು. ಆಸ್ಪತ್ರೆಗೆ ಹೊರಡುವ ಮೊದಲು ಮಾತ್ರೆಗಳನ್ನು ಚೀಲಕ್ಕೆ ಹಾಕಿಕೊಳ್ಳಲೆಂದು ಅವಳು ಕಪಾಟು ತೆಗೆದಳು. ಮೂರು ತಿಂಗಳ ಮಾತ್ರೆ ಹಾಗೇ ಇತ್ತು, ಒಂದು ಪಟ್ಟಿಯೂ ಒಡೆದಿರಲಿಲ್ಲ.

"ಇದೇನ್ರೀ ಇದು?"

"ಸೊಪ್ಪಿನ ರಸ ಕುಡೀತಿದೀನಲ್ಲ. ನೀನೇ ಹೇಳಿದ್ದಲ್ವಾ."

ಅವಳು ಕಪಾಟಿನ ಬಾಗಿಲು ಹಿಡಿದುಕೊಂಡೇ ನಿಂತಳು.

ಹೇಳಿದ್ದು ನಿಜ. ಸಂಶೋಧನಾಲಯವೊಂದರಲ್ಲಿ ಇಪ್ಪತ್ತು ವರ್ಷದಿಂದ ಅವಳದು ಒಂದೇ ಕೆಲಸ. ಇಲಿಗಳ ರಕ್ತನಾಳವನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಕತ್ತರಿಸಿ, ಗಾಜಿನ ಮೇಲೆ ಹರಡುವುದು. ಅದನ್ನು ನೋಡಿ ಅರ್ಥ ಹೇಳುವವರು ಬೇರೆಯವರು. ಮೂರು ತಿಂಗಳ ಹಿಂದೆ ಒಂದು ದಿನ ಪ್ರೊಫೆಸರ್ ತಾವಾಗಿಯೇ ಕರೆದು, "ಬಾಮ್ಮ, ನಿನ್ನ ಕೈಕೆಲಸ ನೀನೇ ನೋಡು," ಎಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದ್ದರು. ಆ ಸಂಜೆ ಊಟಕ್ಕೆ ಕೂತಾಗ ಅವಳ ಮಾತು ನಿಂತಿರಲಿಲ್ಲ.

"ಕೋಟಿಗೆ ನೀವು ಅಸ್ತರು ಹಾಕ್ತೀರಲ್ಲ, ರಕ್ತನಾಳಕ್ಕೂ ಒಳಗೆ ಅಂಥದ್ದೊಂದು ಇರತ್ತೆ ರೀ. ಸಕ್ಕರೆ ಕಾಯಿಲೆ ಇರೋ ಇಲೀದು ಚಿಂದಿಯಾಗಿತ್ತು. ಸೊಪ್ಪಿನ ಸಾರ ಕೊಟ್ಟ ಇಲೀದು ಹೆಚ್ಚುಕಮ್ಮಿ ಹೊಸದರ ಹಾಗೇ ಇತ್ತು!"

ಅವಳ ಕೆಲಸದ ಬಗ್ಗೆ ಎಂದೂ ಕೇಳದ ಗಂಡ ಅಂದು ಕೈ ಒಣಗಿದರೂ ಏಳದೆ ಕೇಳಿದ್ದ. ಮರುವಾರ ಕಿಟಕಿಯಲ್ಲಿ ಆ ಸೊಪ್ಪಿನ ಕುಂಡ ಬಂದಿತ್ತು. ಬೆಳಗ್ಗೆ ಮುಖ ಕಿವುಚಿಕೊಂಡು ಅವನು ಹಸಿರು ರಸ ಕುಡಿಯುವುದನ್ನು ನೋಡಿ ಅವಳು ಒಳಗೊಳಗೇ ಹಿಗ್ಗಿದ್ದಳು. ಮಾತ್ರೆಯ ವಿಷಯ ಕೇಳಬೇಕೆಂದು ಹೊಳೆದಿರಲೇ ಇಲ್ಲ.

"ಆ ಇಲಿಗಳಿಗೆ ಹನ್ನೆರಡು ವಾರ ಅಳೆದು ಅಳೆದು ಕೊಡ್ತೀವಿ," ಎಂದಳು ಈಗ. "ಆಮೇಲೆ ಕೊಂದು ಕುಯ್ತೀವಿ. ಅವು ವಾಸಿಯಾಗಿ ಓಡಾಡ್ಕೊಂಡಿವೆ ಅಂತ ನಾನ್ಯಾವತ್ತು ಹೇಳ್ದೆ?"

"ಕೊಲ್ಲೋದನ್ನ ನೀನು ಹೇಳ್ಲಿಲ್ಲ," ಎಂದ ಟೈಲರ್. ದೂರುವ ದನಿಯೇನಲ್ಲ.

ಎರಡು ಬೆರಳು ತೆಗೆಯಬೇಕಾಯಿತು. ಇನ್ನೊಂದು ವಾರ ಬಿಟ್ಟಿದ್ದರೆ ಪಾದವೇ ಹೋಗುತ್ತಿತ್ತು ಎಂದರು ಡಾಕ್ಟರು. ಹಾಳೆಯಿಂದ ತಲೆಯೆತ್ತದೆ, "ಮಾತ್ರೆ ಬಿಡೋಕೆ ಯಾರು ಹೇಳಿದ್ದು?" ಎಂದು ಕೇಳಿದರು.

"ಯಾರೂ ಇಲ್ಲ ಡಾಕ್ಟ್ರೇ. ನಂದೇ ತಲೆಹರಟೆ."

"ನಾನು ಹೇಳಿದ್ದೇ ಅವರಿಗೆ ಹಾಗೆ ಕೇಳಿಸ್ತು ಡಾಕ್ಟ್ರೇ," ಎಂದಳು ಹೆಂಡತಿ. ಡಾಕ್ಟರು ಇಬ್ಬರ ಮುಖವನ್ನೂ ನೋಡಿದರು. ಏನೂ ಬರೆದುಕೊಳ್ಳಲಿಲ್ಲ.

ಕೆಲಸಕ್ಕೆ ಮರಳಿದ ದಿನ ಅವಳು ಪ್ರೊಫೆಸರರನ್ನು ಕೇಳಿದಳು. "ಸರ್, ಆ ಸೊಪ್ಪು ಮನುಷ್ಯರಿಗೆ ಯಾವಾಗ?"

"ಅಯ್ಯೋ, ಅದಕ್ಕಿನ್ನೂ ಎಷ್ಟೋ ವರ್ಷ ಬೇಕಮ್ಮ. ಆಗೋದೂ ಉಂಟು, ಆಗದೇ ಇರೋದೂ ಉಂಟು," ಎಂದು ಅವರು ಹೊಸ ಮೇಣದ ಅಚ್ಚುಗಳ ತಟ್ಟೆ ಮುಂದಿಟ್ಟರು. ಸಂಜೆಯವರೆಗೆ ಅವಳು ಕತ್ತರಿಸಿದಳು.

ಮನೆಗೆ ಬಂದಾಗ ಟೈಲರ್ ಹೊಲಿಗೆ ಯಂತ್ರದ ಮುಂದೆ ಕೂತಿದ್ದ. ಸೂಜಿಯಡಿ ಅರ್ಧ ಹೊಲಿದ ತೋಳಿತ್ತು. ಬ್ಯಾಂಡೇಜಿನ ಕಾಲನ್ನು ಪೆಡಲಿನ ಮೇಲಿಡಲು ನೋಡಿ, ಆಗದೆ, ಸುಮ್ಮನೆ ಕೂತಿದ್ದನೆಂದು ಕಾಣುತ್ತದೆ. ಅವಳು ಚೀಲವನ್ನು ಬಾಗಿಲ ಬಳಿಯೇ ಇಟ್ಟು, ನೆಲದ ಮೇಲೆ ಕೂತು, ಎರಡೂ ಅಂಗೈಯನ್ನು ಪೆಡಲಿನ ಮೇಲಿಟ್ಟು ಒತ್ತಿದಳು.

"ನಿಧಾನ," ಎಂದ ಅವನು ಮೇಲಿನಿಂದ.

ಅವಳು ನಿಧಾನ ಮಾಡಿದಳು. ಬಟ್ಟೆ ಒಂದಿಷ್ಟು ಮುಂದೆ ಸರಿಯಿತು.