ಏರು ಹತ್ತದ ಸೈಕಲ್

ಆ ಸೈಕಲ್ಲನ್ನು ಕೊಂಡವನು ಗಂಗಾಧರ, ತುಳಿದವಳು ಅವನ ಹೆಂಡತಿ ಅರ್ಚನಾ. ಕೂಡ್ಲಿಗಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದ ಗಂಗಾಧರನಿಗೆ ಹೊಸದೇನು ಕಂಡರೂ ಕೈ ಸುಮ್ಮನಿರುತ್ತಿರಲಿಲ್ಲ. ತೊಂಬತ್ತೇಳರ ದೀಪಾವಳಿಯ ಹೊತ್ತಿಗೆ ಹೊಸಪೇಟೆಗೆ ಹೋದವನು ದಪ್ಪ ಟೈರಿನ, ನೆಟ್ಟಗಿನ ಹ್ಯಾಂಡಲಿನ, ಗೇರಿನ ಸೈಕಲ್ಲೊಂದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದ. ಗುಡ್ಡ ಹತ್ತುವುದಕ್ಕೆಂದೇ ಮಾಡಿದ ಸೈಕಲ್ ಇದು ಎಂದು ಓಣಿಗೆಲ್ಲ ಹೇಳಿದ. ಆದರೆ ಅವನ ಅಂಗಡಿಗೂ ಮನೆಗೂ ನಡುವೆ ಇದ್ದದ್ದು ಒಂದು ಚರಂಡಿ ಮಾತ್ರ, ಗುಡ್ಡವಲ್ಲ. ಯುಗಾದಿಯ ಹೊತ್ತಿಗೆ ಗೇರು ಕೆಟ್ಟಿತು. ತುಳಿದಾಗಲೆಲ್ಲ ಚೈನು ಕಳಚಿ ಬೀಳತೊಡಗಿತು. ಸೈಕಲ್ಲು ಹಿತ್ತಲ ಗೋಡೆಗೆ ಒರಗಿತು. ಗಂಗಾಧರನ ತಾಯಿ ಎರ್ರಮ್ಮ ಅದರ ಹ್ಯಾಂಡಲಿನ ಮೇಲೆ ಒದ್ದೆ ಬಟ್ಟೆ ಹರವುವುದನ್ನು ರೂಢಿ ಮಾಡಿಕೊಂಡಳು.

ಅರ್ಚನಾ ಹೊಸಹಳ್ಳಿ ಕಡೆಯ ಒಂದು ಹಳ್ಳಿಯ ಪ್ರೈಮರಿ ಶಾಲೆಯಲ್ಲಿ ಟೀಚರು. ಆ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಬೆಳಗಿನ ಬಸ್ಸಿನ ವೇಳೆ ಬದಲಾಗಿ, ಅವಳು ಹೋಗಿ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಗದ್ದಲ ಹಾಕುತ್ತಿರುತ್ತಿದ್ದರು. ಒಂದು ವಾರ ನೋಡಿದಳು. ಆಮೇಲೆ ಒಂದು ಭಾನುವಾರ ಸೈಕಲ್ಲಿನ ಮೇಲಿನ ಬಟ್ಟೆಗಳನ್ನು ತೆಗೆದು ತಂತಿಗೆ ಹಾಕಿ, ಅದನ್ನು ನೂಕಿಕೊಂಡು ಇಶ್ತಿಯಾಕನ ಸೈಕಲ್ ಅಂಗಡಿಗೆ ಹೋದಳು. ತವರೂರು ಹಿರೇಹಡಗಲಿಯಲ್ಲಿ ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ಲನ್ನು ಕದ್ದು ತುಳಿದು ಕಲಿತವಳು ಅವಳು. ಕಾಲು ಮರೆತಿರಲಿಕ್ಕಿಲ್ಲ ಎಂಬ ಧೈರ್ಯ.

ಇಶ್ತಿಯಾಕ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಪೆಡಲು ತಿರುಗಿಸಿ ನೋಡಿದ.

"ಟೀಚರಮ್ಮ, ಈ ಗೇರಿನ ಸಾಮಾನು ಇಲ್ಲಿ ಸಿಗಂಗಿಲ್ಲ. ಹೊಸಪೇಟಿಗೆ ಹೋಗಿ ತಂದ್ರೂ ಈ ದಾರ‍್ಯಾಗ ಮತ್ತ ಕೆಡತೈತಿ. ಎಲ್ಲಾ ಬಿಚ್ಚಿ ಒಗದು ಹಿಂದಿನ ಗಾಲಿಗೆ ಒಂದ ಹಲ್ಲಿನ ಚಕ್ರ, ಫ್ರೀವೀಲ್, ಹಾಕಿಬಿಡ್ತೀನಿ. ಸಾದಾ ಸೈಕಲ್ ಆಕೈತಿ. ನಿಮಗೂ ಆರಾಮ, ನನಗೂ ಆರಾಮ."

"ಏರು ಹತ್ತತೈತೇನು?"

"ಬಯಲಿನ್ಯಾಗ ಓಡಬೇಕಂದ್ರ ಸಣ್ಣ ಫ್ರೀವೀಲು, ಏರು ಹತ್ತಬೇಕಂದ್ರ ದೊಡ್ಡದು. ಎರಡೂ ಬೇಕಂದ್ರ ಗೇರು ಬೇಕು. ಗೇರು ಇಲ್ಲ. ನೀವ ಹೇಳ್ರಿ."

ದಾರಿಯಲ್ಲಿ ಏರಿಗಿಂತ ಬಯಲೇ ಹೆಚ್ಚು. ಸಣ್ಣದೇ ಇರಲಿ ಎಂದಳು.

ಸೀರೆ ಉಟ್ಟು ತುಳಿಯುವ ಸೈಕಲ್ ಅದಲ್ಲ. ಹೆಡ್ಮಾಸ್ತರರ ಮುಖ ಗಂಟಾಗುತ್ತದೆಂದು ಗೊತ್ತಿದ್ದೂ ಚೂಡಿದಾರ ಹಾಕಿಕೊಂಡು ಹೋದಳು. ಅವರ ಮುಖ ಮೂರು ದಿನ ಗಂಟಾಗಿತ್ತು. ಟೀಚರು ಪ್ರಾರ್ಥನೆಗೆ ಮೊದಲೇ ಬಂದು ನಿಲ್ಲುವುದನ್ನು ಕಂಡು ಸಡಿಲಾಯಿತು. ಎರ್ರಮ್ಮ ಮಾತ್ರ, "ಬಟ್ಟಿ ಹರವಾಕ ಜಾಗಾ ಇಲ್ದಂಗ ಆತು" ಎಂದಷ್ಟೇ ಹೇಳಿ ಒಳಗೆ ಹೋದಳು. ಅವಳು ಕಡಿಮೆ ಮಾತಾಡಿದಾಗಲೇ ಹೆಚ್ಚು ಹೇಳಿರುತ್ತಾಳೆಂಬುದು ಸೊಸೆಗೆ ಗೊತ್ತಿತ್ತು.

ಬಯಲಿನಲ್ಲಿ ಸೈಕಲ್ಲು ಚೆನ್ನಾಗಿಯೇ ಓಡಿತು. ಶೇಂಗಾ ಹೊಲಗಳ ನಡುವಿನ ಗರಸು ದಾರಿಯಲ್ಲಿ ದಪ್ಪ ಟೈರು ಸಣ್ಣ ಕಲ್ಲುಗಳನ್ನು ನುಂಗಿಕೊಂಡು ಹೋಗುತ್ತಿತ್ತು. ಕರೇಕಲ್ಲು ಏರು ಬಂದಾಗ ಮಾತ್ರ ಅದರ ಆಟ ನಿಲ್ಲುತ್ತಿತ್ತು. ಎದ್ದು ನಿಂತು, ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹಾಕಿದರೂ ಅರ್ಧ ಏರಿಗೆ ಬರುವಷ್ಟರಲ್ಲಿ ತೊಡೆ ಉರಿದು, ಮುಂದಿನ ಗಾಲಿ ಅತ್ತಿತ್ತ ವಾಲಿ, ಇಳಿಯಲೇಬೇಕಾಗುತ್ತಿತ್ತು. ಮೂರನೆಯ ದಿನದಿಂದ ಅವಳು ಏರಿನ ಬುಡದಲ್ಲೇ ಇಳಿದು ನೂಕತೊಡಗಿದಳು.

ಜಂಬಕ್ಕ ಸಿಕ್ಕಿದ್ದು ಅಲ್ಲಿಯೇ. ಏರಿನ ಈಚೆಯ ಹಟ್ಟಿ ಅವಳದು, ಹೊಲ ಏರಿನ ಆಚೆ. ದಿನಾ ಬೆಳಿಗ್ಗೆ ಹೊಲದಲ್ಲಿದ್ದವರಿಗೆ ರೊಟ್ಟಿ ಬುಟ್ಟಿ ಹೊತ್ತು ಹತ್ತಿ, ಸಂಜೆ ಹಿಂದಕ್ಕೆ ಬರುತ್ತಿದ್ದಳು. ಅರವತ್ತರ ಆಚೀಚೆಯ ಹೆಂಗಸು. ಬುಟ್ಟಿಗೆ ಕೈ ಹಿಡಿಯದೆ, ಕುತ್ತಿಗೆ ಅಲುಗಿಸದೆ ನಡೆಯುವಳು. ಮೊದಲ ದಿನ ಸೈಕಲ್ಲನ್ನು ಮುಂದಿನಿಂದ ಹಿಂದಿನವರೆಗೆ ನೋಡಿ ಕೇಳಿದಳು:

"ಯವ್ವಾ, ಇಷ್ಟು ದಪ್ಪ ಟೈರು ಅದಾವ. ಏರು ಹತ್ತಂಗಿಲ್ಲಂದ್ರ ಯಾತಕ್ಕವ್ವ ಇದು?"

ಅರ್ಚನಾಗೆ ಏದುಸಿರಿನ ನಡುವೆಯೂ ನಗು ಬಂತು. "ಗುಡ್ಡ ಹತ್ತಾಕಂತನ ಮಾಡ್ಯಾರಂತ್ರಿ ಇದನ್ನ."

"ಹಂಗಾರ ಅದಕ್ಕ ನಮ್ಮ ಗುಡ್ಡ ಗೊತ್ತಿಲ್ಲ ಬಿಡು."

ಅಂದಿನಿಂದ ಇಬ್ಬರೂ ಏರಿನ ಬುಡದಲ್ಲಿ ಒಬ್ಬರಿಗೊಬ್ಬರು ಕಾಯುವುದು ರೂಢಿಯಾಯಿತು. ಕಾಯುತ್ತಿದ್ದೇವೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಜಂಬಕ್ಕ ಬುಟ್ಟಿ ಇಳಿಸಿ ತಲೆಯ ಮೇಲಿನ ಬಟ್ಟೆಯ ಸಿಂಬಿ ಸರಿಮಾಡಿಕೊಳ್ಳುತ್ತ ನಿಂತಿರುವಳು, ಅರ್ಚನಾ ಇಳಿದು ಟೈರು ಒತ್ತಿ ನೋಡುತ್ತ ನಿಲ್ಲುವಳು. ಆಮೇಲೆ ಜೊತೆಯಲ್ಲಿ ಹತ್ತುವರು. ಯಾವ ಕಲ್ಲಿನ ಸಂದಿಯಲ್ಲಿ ಸೀತಾಫಲ ಮೊದಲು ಹಣ್ಣಾಗುತ್ತದೆ, ಹರಪನಹಳ್ಳಿ ಕಡೆಯಿಂದ ಮದುವೆಯಾಗಿ ಬಂದಾಗ ಈ ಊರಿನವರ ಮಾತು ತನಗೆ ಹೇಗೆ ಒರಟಾಗಿ ಕೇಳಿಸುತ್ತಿತ್ತು, ಸೊಸೆ ಮಾಡುವ ರೊಟ್ಟಿ ಯಾಕೆ ಅಂಚಿನಲ್ಲಿ ಸೀಳುತ್ತದೆ ಎಂದೆಲ್ಲ ಜಂಬಕ್ಕ ಹೇಳುವಳು. ಅರ್ಚನಾ ಶಾಲೆಯ ಸುದ್ದಿ ಹೇಳುವಳು.

ಹಲವು ದಿನಗಳಾದ ಮೇಲೆ ಅರ್ಚನಾಗೆ ಒಂದು ಮಾತು ಹೊಳೆಯಿತು. ಮಕ್ಕಳೆಷ್ಟು ಎಂದು ಜಂಬಕ್ಕ ಈವರೆಗೂ ಕೇಳಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸರು ಕೇಳುತ್ತಿದ್ದರು, ಅಂಗಡಿಗೆ ಮಾತ್ರೆ ಕೊಳ್ಳಲು ಬಂದವರು ಕೇಳುತ್ತಿದ್ದರು. ಮದುವೆಯಾಗಿ ಆರನೆಯ ವರ್ಷ. ಎರಡು ಸಲ ಬಸುರಾಗಿ ಎರಡೂ ಸಲ ನಿಂತಿರಲಿಲ್ಲ. ಉತ್ತರ ಹೇಳಿ ಹೇಳಿ ಅವಳ ತುಟಿಗೆ ಒಂದು ಒಣ ನಗೆ ಅಂಟಿಕೊಂಡಿತ್ತು. ಏರಿನ ಮೇಲೆ ಆ ನಗೆ ಬೇಕಾಗುತ್ತಿರಲಿಲ್ಲ. ಒಂದು ಸಂಜೆ, ಯಾರೂ ಕೇಳದೆ, ತಾನೇ ಎಲ್ಲವನ್ನೂ ಹೇಳಿಬಿಟ್ಟಳು. ಜಂಬಕ್ಕ ತಿರುಗಿ ನೋಡಲಿಲ್ಲ, ನಡಿಗೆಯನ್ನು ಮಾತ್ರ ನಿಧಾನ ಮಾಡಿದಳು.

"ಹೆಸರು ಇಟ್ಟಿದ್ದೇನವ್ವ?" ಎಂದು ಕೇಳಿದಳು.

"ಒಂದಕ್ಕ ಇಟ್ಟಿದ್ದೆ. ಮನಸಿನ್ಯಾಗ."

"ಹೂಂ" ಎಂದಳು ಜಂಬಕ್ಕ. ಆ ಹೆಸರು ಏನೆಂದು ಕೇಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ, ಟೀಚರಮ್ಮ ದಿನಾ ಏರಿನಲ್ಲಿ ಸೈಕಲ್ ನೂಕುತ್ತಾಳೆಂಬ ಸುದ್ದಿಯನ್ನು ಯಾರೋ ಎರ್ರಮ್ಮನ ಕಿವಿಗೆ ಹಾಕಿದರು. ಅಂದು ಅರ್ಚನಾ ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ ಅತ್ತೆ ಎದುರು ನಿಂತಿದ್ದಳು.

"ದಿನಾ ಅಷ್ಟು ಭಾರ ನೂಕಿದ್ರ ಹೊಟ್ಟ್ಯಾಗ ಏನರ ನಿಂತೀತೇನು? ಬಿಟ್ಟುಬಿಡು ಆ ಸೈಕಲ್ನ."

"ಅತ್ತಿ, ಮೊದಲಿನವು ಎರಡೂ ನಾ ಸೈಕಲ್ ಮುಟ್ಟೋಕಿಂತ ಮೊದಲು ಆದದ್ದಲ್ಲೇನ್ರಿ?"

"ಅದಕ್ಕ ಹೇಳ್ತೀನಿ. ಮೂರನೇದಕ್ಕರ ದಾರಿ ಬಿಡು."

ಎರ್ರಮ್ಮನ ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆಯೇ ಹೆಚ್ಚಿತ್ತು. ಅದಕ್ಕೇ ಎದುರಾಡುವುದು ಕಷ್ಟವಾಯಿತು. ಗಂಗಾಧರ ಬಾಗಿಲಲ್ಲಿ ನಿಂತು ತಾಯಿಯನ್ನೂ ಹೆಂಡತಿಯನ್ನೂ ನೋಡಿ, ಅಂಗಡಿಯಲ್ಲಿ ಗಿರಾಕಿ ಇದ್ದಾರೆಂದು ಹೊರಟುಹೋದ. ನೂಕುವುದೇ ತಪ್ಪಾದರೆ ನೂಕದಂತೆ ಮಾಡಿಕೊಂಡರಾಯಿತು ಎಂದುಕೊಂಡು ಅರ್ಚನಾ ಮರುದಿನ ಇಶ್ತಿಯಾಕನ ಅಂಗಡಿಗೆ ಹೋಗಿ ದೊಡ್ಡ ಫ್ರೀವೀಲ್ ಹಾಕಿಸಿದಳು.

ಸೈಕಲ್ಲು ಏರು ಹತ್ತಿತು. ನಂಬಲಿಕ್ಕೇ ಆಗಲಿಲ್ಲ ಅವಳಿಗೆ. ಗಾಲಿ ನಿಧಾನವಾಗಿ, ಆದರೆ ಎಲ್ಲೂ ನಿಲ್ಲದೆ, ಕರೇಕಲ್ಲು ಏರಿನ ನೆತ್ತಿಗೆ ಬಂತು. ಬುಡದಲ್ಲಿ ಸಿಂಬಿ ಸರಿಮಾಡಿಕೊಳ್ಳುತ್ತಿದ್ದ ಜಂಬಕ್ಕನಿಗೆ, "ನೋಡ್ರಿ ಜಂಬಕ್ಕ, ಹತ್ತಿತು!" ಎಂದು ಕೈ ಬೀಸಿ ಕೂಗಿ ಹೇಳಿದಳು. ಜಂಬಕ್ಕ ಕೈ ಎತ್ತಿದಳು. ಹತ್ತುವಾಗ ನಿಂತರೆ ಮತ್ತೆ ಹೊರಡುವುದು ಕಷ್ಟ, ಅದಕ್ಕೆ ಅರ್ಚನಾ ಬುಡದಲ್ಲಿ ನಿಂತಿರಲಿಲ್ಲ. ಸಂಜೆ ಹಿಂದಿರುಗುವಾಗಲೂ ನಿಲ್ಲಲಿಲ್ಲ, ಮರುದಿನವೂ ನಿಲ್ಲಲಿಲ್ಲ. ಬಯಲಿಗೆ ಬಂದರೆ ಬೇರೆಯೇ ತೊಂದರೆ. ಕಾಲು ಗಿರಗಿರನೆ ತಿರುಗಿದರೂ ದಾರಿ ಸಾಗುತ್ತಿರಲಿಲ್ಲ, ಎಮ್ಮೆ ಹೊಡೆದುಕೊಂಡು ಹೋಗುವವರೂ ಹಿಂದೆ ಹಾಕುವಂತಾಯಿತು. ಹೊತ್ತು ಹೊಂದಿಸಲು ಮನೆಯಿಂದ ಬೇಗ ಹೊರಡಬೇಕಾಯಿತು. ಹಾಗೆ ಬೇಗ ಹೊರಟರೆ ಏರಿನ ಬುಡದಲ್ಲಿ ಜಂಬಕ್ಕ ಇರುತ್ತಿರಲಿಲ್ಲ.

ದಸರೆಯ ರಜೆ ಮುಗಿದು ಶಾಲೆ ಶುರುವಾದ ದಿನ, ಏರಿನ ನೆತ್ತಿಯಲ್ಲಿ ಸೈಕಲ್ ನಿಲ್ಲಿಸಿ ನೀರು ಕುಡಿಯುವಾಗ, ಬೆಳಗಿನಿಂದ ಮನಸ್ಸಿನ ಒಂದು ಮಾತನ್ನೂ ಆಡಿಲ್ಲ ಎಂಬುದು ಅವಳ ಅರಿವಿಗೆ ಬಂತು. ಮನೆಯಲ್ಲಿ ಆಡಿದ್ದೆಲ್ಲ ಉಪ್ಪು, ನೀರು, ಬೀಗದ ಕೈ. ಶಾಲೆಯಲ್ಲಿ ಆಡುವುದು ಪಾಠ. ದಾರಿ ಅಷ್ಟುದ್ದ ಹಿಂದೆ ಬಿದ್ದಿತ್ತು, ಏರು ಕಣ್ಣೆದುರಿಗೇ ಸೋತು ಮಲಗಿತ್ತು, ಅವಳಿಗೆ ಮಾತ್ರ ಗೆದ್ದಂತೆ ಅನಿಸಲಿಲ್ಲ.

ಆ ಸಂಜೆ ಇಶ್ತಿಯಾಕನ ಅಂಗಡಿಯ ಮುಂದೆ ನಿಂತು, "ಹಳೇದನ್ನ ಹಾಕಿಬಿಡಣ್ಣ" ಎಂದಳು.

ಅವನು ಕೈಯೊಳಗಿನ ಸ್ಪ್ಯಾನರ್ ಕೆಳಗಿಟ್ಟ. "ಏರು ಹತ್ತೋ ಸೈಕಲ್ನ ಹತ್ತದಂಗ ಮಾಡು ಅಂತ ಕೇಳಿದೋರು ನೀವ ಮೊದಲನೇರು ನೋಡ್ರಿ. ಯಾಕ, ಏನಾತು?"

"ಏನೂ ಆಗಿಲ್ಲ. ನಡಿಬೇಕು ಅನಿಸೈತಿ."

ಅವನು ಹಿಂದಿನ ಗಾಲಿ ಬಿಚ್ಚಿದ.

ಮರುದಿನ ಹಳೆಯ ಹೊತ್ತಿಗೇ ಹೊರಟು ಏರಿನ ಬುಡದಲ್ಲಿ ಇಳಿದಳು. ಜಂಬಕ್ಕ ಇರಲಿಲ್ಲ. ಕಾಯ್ದಳು. ಟೈರು ಒತ್ತಿ ನೋಡಿದಳು, ಮತ್ತೆ ಒತ್ತಿ ನೋಡಿದಳು. ಹಿಂದಿನಿಂದ ಧೂಳೆಬ್ಬಿಸಿಕೊಂಡು ಒಂದು ಟೆಂಪೊ ಬಂತು. ರಜೆಯಲ್ಲಿ ಯಾರೋ ಹೊಸದಾಗಿ ಆ ದಾರಿಗೆ ಬಿಟ್ಟದ್ದು. ತುಂಬಿ ತುಳುಕುತ್ತಿದ್ದ ಅದರ ಕಿಟಕಿಯಲ್ಲಿ ಜಂಬಕ್ಕನ ಮುಖ, ತೊಡೆಯ ಮೇಲೆ ಬುಟ್ಟಿ. ಒಂದು ಕ್ಷಣ ಇಬ್ಬರ ಕಣ್ಣೂ ಕೂಡಿದವು. ಟೆಂಪೊ ಗುರುಗುಡುತ್ತ ಏರು ಹತ್ತಿ ಮರೆಯಾಯಿತು. ಧೂಳಿನಲ್ಲಿ ಕಣ್ಣು ಮುಚ್ಚಿ ನಿಂತ ಅರ್ಚನಾಗೆ ತನ್ನ ಮೇಲೆ ತನಗೇ ನಗು ಬಂತು. ಆಮೇಲೆ ಅಳುವೂ ಬಂತು. ನೂಕಿಕೊಂಡು ಹತ್ತಿದಳು. ಏರು ಇಷ್ಟು ಉದ್ದವಿದೆ ಎಂದು ಅವಳಿಗೆ ಎಂದೂ ಅನಿಸಿರಲಿಲ್ಲ.

ನಾಲ್ಕಾರು ದಿನ ಬೆಳಿಗ್ಗೆಯೂ ಸಂಜೆಯೂ ಹೀಗೆಯೇ ಹೋಯಿತು. ಕಡೆಗೆ ಒಂದು ಸಂಜೆ ಶಾಲೆಯಿಂದ ಬರುವಾಗ ದಾರಿ ಬಿಟ್ಟು ಹಟ್ಟಿಯೊಳಕ್ಕೆ ಸೈಕಲ್ ತಿರುಗಿಸಿದಳು. ಜಂಬಕ್ಕ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು.

"ಬಾರವ್ವ, ಕುಂದ್ರು" ಎಂದು ಗೋಣಿಚೀಲ ಹಾಸಿ, ಒಂದು ಹಿಡಿ ಶೇಂಗಾ ಕೈಗೆ ಹಾಕಿದಳು. ಇಬ್ಬರೂ ಸ್ವಲ್ಪ ಹೊತ್ತು ಸುಲಿದರು.

"ಟೆಂಪೊ ಚಲೋ ಐತೇನ್ರಿ?"

"ಚಲೋ ಏನು ಬಂತು. ಹೊಗಿ, ಗದ್ಲ. ಬುಟ್ಟ್ಯಾಗಿನ ಪಲ್ಯೆ ಎಲ್ಲಾ ಚೆಲ್ಲತೈತಿ."

"ಮತ್ತ ಯಾಕ ಹೊಕ್ಕೀರಿ?"

ಜಂಬಕ್ಕ ಸಿಪ್ಪೆಗಳನ್ನು ಸೆರಗಿನಿಂದ ಕೊಡವಿದಳು. "ನಾ ಈ ಮನಿಗೆ ಬಂದಾಗಿಂದ ಆ ಏರು ಒಬ್ಬಾಕೀನ ಹತ್ತೀನಿ. ಬಿಸಲಾಗ ಹತ್ತೀನಿ, ಬಸರಿದ್ದಾಗ ಹತ್ತೀನಿ. ಯಾವತ್ತೂ ಉದ್ದ ಅನಿಸಿದ್ದಿಲ್ಲ. ನೀ ಬಂದಿ, ಮಾತಾಡಿಸಿದಿ. ಆಮ್ಯಾಲ ಕೈ ಬೀಸಿ ಹೋದಿ. ಆವತ್ತಿಂದ ಅದು ಮುಗಿಯವಲ್ದು ನೋಡವ್ವ. ನೀನ ಕೆಡಿಸಿದಿ ನನ್ನ ಏರು."

ಅರ್ಚನಾ ಸುಲಿಯುವುದನ್ನು ಬಿಟ್ಟಳು. ಸೈಕಲ್ಲಿನ ಕಡೆ ಬೆರಳು ಮಾಡಿ, "ಅದು ಈಗ ಹತ್ತಂಗಿಲ್ರಿ" ಎಂದಳು. "ಹತ್ತದಂಗ ಮಾಡಿಸೀನಿ."

ಜಂಬಕ್ಕ ಸೈಕಲ್ಲನ್ನು ನೋಡಿದಳು, ಇವಳನ್ನು ನೋಡಿದಳು. "ಹುಚ್ಚಿ" ಎಂದಳು. ಇನ್ನೊಂದು ಹಿಡಿ ಶೇಂಗಾ ಹಾಕಿದಳು.

ಬೆಳಗಿನ ಹೊತ್ತು ಜಂಬಕ್ಕ ಟೆಂಪೊದಲ್ಲೇ ಹೋಗುವುದೆಂದಾಯಿತು. ಹೊಲದಲ್ಲಿ ಬಿಸಿ ರೊಟ್ಟಿಯ ರುಚಿ ಕಂಡ ಅವಳ ಮಗ ನಾಗಪ್ಪ ಅದನ್ನು ಬಿಡಲೊಲ್ಲ. ಸಂಜೆಯ ನಡಿಗೆ ಮಾತ್ರ ಇಬ್ಬರದೂ. ಸಂಜೆ ಹಿಂದಿರುಗುವಾಗ ಆ ಕಡೆಯ ಏರು ಅಷ್ಟು ಕಡಿದಲ್ಲ, ಮನಸ್ಸು ಮಾಡಿದರೆ ಅರ್ಚನಾ ತುಳಿದೇ ಹತ್ತಬಹುದಿತ್ತು. ಅವಳು ಮನಸ್ಸು ಮಾಡಲಿಲ್ಲ. ಖಾಲಿ ಬುಟ್ಟಿಯನ್ನು ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಸೈಕಲ್ಲನ್ನು ನಡುವೆ ಇಟ್ಟುಕೊಂಡು ಇಬ್ಬರೂ ಬರುತ್ತಿದ್ದರು.

ಕಾರ್ತೀಕದಲ್ಲಿ ಒಂದು ದಿನ ಎರ್ರಮ್ಮ ಆ ಕಡೆಯ ನೆಂಟರ ಮನೆಗೆ ಹೋಗಿ ಸಂಜೆಯ ಟೆಂಪೊದಲ್ಲಿ ಬಂದಳು. ಅರ್ಚನಾ ಮನೆ ಮುಟ್ಟುವ ಹೊತ್ತಿಗೆ ಅವಳು ಕಟ್ಟೆಯ ಮೇಲೆ ಕೂತಿದ್ದಳು. ಸೊಸೆ ಸೈಕಲ್ಲನ್ನು ಹಿತ್ತಲಿಗೆ ಹಾಕಿ, ಮುಖ ತೊಳೆದು, ಚಹಾ ಮಾಡಿ ತಂದುಕೊಡುವ ತನಕ ಸುಮ್ಮನಿದ್ದಳು. ನೂಕುವುದನ್ನು ಟೆಂಪೊದಿಂದ ಕಣ್ಣಾರೆ ಕಂಡಿದ್ದಾಳೆ, ಇನ್ನು ರಾದ್ಧಾಂತ ತಪ್ಪಿದ್ದಲ್ಲ ಎಂದು ಅರ್ಚನಾ ಮನಸ್ಸು ಗಟ್ಟಿ ಮಾಡಿಕೊಂಡಳು.

"ಆಕಿ ಯಾರು?"

"ಜಂಬಕ್ಕ ಅಂತರಿ. ಹಟ್ಟಿಯಾಕಿ."

ಎರ್ರಮ್ಮ ಚಹಾ ಬಸಿಗೆ ಹಾಕಿಕೊಂಡು ಊದಿದಳು. "ಇಬ್ಬರೂ ಏನ್ ನಗಾಕತ್ತಿದ್ರಿ! ದಾರಿ ನಡುವ ನಿಂತು, ಸೈಕಲ್ ಹಿಡಕಂಡು. ಟೆಂಪೊದಾಗಿನ ಮಂದಿ ಎಲ್ಲಾ ನೋಡಿದ್ರು."

ಅರ್ಚನಾ ಒದ್ದೆ ಕೈಯನ್ನು ದುಪ್ಪಟ್ಟಾಕ್ಕೆ ಒರೆಸಿಕೊಂಡಳು.

"ಈ ಮನ್ಯಾಗ ನೀ ಹಂಗ ನಕ್ಕಿದ್ದು ನಾ ಕಂಡಿಲ್ಲ" ಎಂದಳು ಎರ್ರಮ್ಮ. ಅದನ್ನು ದೂರಿನಂತೆಯೇ ಹೇಳಿದಳು, ಆದರೆ ದೂರು ಯಾರ ಮೇಲೆ ಎಂಬುದು ಅವಳಿಗೂ ತಿಳಿದಂತಿರಲಿಲ್ಲ. ಬಸಿಯನ್ನು ಕೆಳಗಿಟ್ಟು, ಬೇರೆ ಕಡೆ ನೋಡುತ್ತ ಕೇಳಿದಳು, "ಏನು ಹೇಳಿದ್ಲು ಆಕಿ? ನನಗೂ ಹೇಳು."

ಅರ್ಚನಾ ಕಟ್ಟೆಯ ಈ ತುದಿಯಲ್ಲಿ ಕೂತಳು. ಜಂಬಕ್ಕನ ಗಂಡ ಮದುವೆಯಾದ ಹೊಸದರಲ್ಲಿ ಬಾಡಿಗೆ ಸೈಕಲ್ಲಿನ ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಬಂದದ್ದು, ಏರಿನಲ್ಲಿ ಇಳಿದರೆ ಮರ್ಯಾದೆ ಹೋದೀತೆಂದು ಹಲ್ಲು ಕಚ್ಚಿ ತುಳಿದದ್ದು, ಅರ್ಧಕ್ಕೆ ಬಂದ ಸೈಕಲ್ಲು ಹಿಂದಕ್ಕೆ ಜಾರತೊಡಗಿದ್ದು—

"ಇಳದನೇನು?" ಎಂದಳು ಎರ್ರಮ್ಮ.

"ಎಲ್ಲಿ ಇಳೀತಾನ್ರಿ! ಮದುಮಗಳು, ಟ್ರಂಕು, ಸೈಕಲ್ಲು ಎಲ್ಲಾ ಹೋಗಿ ಕತ್ತಾಳಿ ಮೆಳ್ಯಾಗ ಬಿದ್ದಾವ. ಹಟ್ಟಿ ಮಂದಿ ಓಡಿ ಬಂದ್ರ ಇಂವ ಏನಂದಾನ ಗೊತ್ತೇನ್ರಿ? 'ಕರಡಿ ಬಂದಿತ್ತು, ನಾನ ಸೈಕಲ್ ಹಿಂದಕ್ಕ ಹೊಳ್ಳಿಸಿದೆ' ಅಂದಾನ."

ಎರ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಹೆಗಲು ಅಲುಗತೊಡಗಿತು. "ಕರಡಿ!" ಎಂದಳು. ಕಣ್ಣೊರೆಸಿಕೊಂಡು ಮತ್ತೊಮ್ಮೆ, "ಕರಡಿ ಅಂತ!" ಎಂದಳು. ಅಂಗಡಿಯಿಂದ ಬಂದ ಗಂಗಾಧರ ಬಾಗಿಲಲ್ಲೇ ನಿಂತು, ಇಬ್ಬರನ್ನೂ ನೋಡಿ, ಈ ಸಲ ಗಿರಾಕಿಯ ನೆಪ ಹೇಳದೆ ಒಳಗೆ ಬಂದು ಕೂತ.

ಮಕ್ಕಳ ಮಾತು ಆ ಮನೆಯಲ್ಲಿ ಆಮೇಲೂ ಬಂತು. ಹರಕೆಗಳಾದವು, ಡಾಕ್ಟರುಗಳಾದರು. ಆದರೆ ಆ ಮಾತಿಗೆ ಸೈಕಲ್ಲಿನ ಹೆಸರನ್ನು ಎರ್ರಮ್ಮ ಮತ್ತೆಂದೂ ಸೇರಿಸಲಿಲ್ಲ. ಸಂಜೆ ಸೊಸೆ ತಡವಾಗಿ ಬಂದ ದಿನ, "ಇವತ್ತೇನು ಹೇಳಿದ್ಲು?" ಎಂದು ಕೇಳುತ್ತ ಕಟ್ಟೆಯ ಮೇಲೆ ಸರಿದು ಜಾಗ ಮಾಡುತ್ತಿದ್ದಳು.